ಮುದ್ದಯ್ಯನವರ ಮಗ್ಗ

ಮಾಲಿನಿ ಮೇಡಂ ಪಾಠ ಮಾಡುತ್ತಿದ್ದಾಗಲೇ ಹನ್ನೆರಡನೆಯ ಕಾಮೆಂಟ್ ಬಂತು. ರಮ್ಯಶ್ರೀ ಬೆಂಚಿನ ಕೆಳಗೆ ಫೋನು ತೆರೆದು ಓದಿದಳು.

‘ಈ ಸೀರೆ ಮುದ್ದಯ್ಯ ನೇಯ್ದದ್ದಲ್ಲ ಸುಳ್ಳು ಹೇಳಿ ಮಾರಬೇಡಿ’

ಚುಕ್ಕಿಯಿಲ್ಲ, ಅಲ್ಪವಿರಾಮವಿಲ್ಲ. ಬರೆದವರ ಹೆಸರು ‘ನಿಜ ನುಡಿ’ ಎಂದಷ್ಟೇ. ಫೋಟೋ ಇಲ್ಲ. ಅವಳು ತಟ್ಟನೆ ಅಳಿಸಿದಳು. ಹಿಂದಿನ ಹನ್ನೊಂದನ್ನೂ ಹೀಗೆಯೇ ಅಳಿಸಿದ್ದಳು. ಬ್ಲಾಕ್ ಮಾಡಲು ಧೈರ್ಯವಿರಲಿಲ್ಲ. ಇಲ್ಲಿ ಬರೆದರೆ ಅಳಿಸಬಹುದು, ಬೇರೆಡೆ ಹೋಗಿ ಬರೆದರೆ?

ಕೊಳ್ಳೇಗಾಲದ ಆ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷಕ್ಕೆ ಸೋಷಿಯಲ್ ಮೀಡಿಯಾ ಮತ್ತು ಆನ್‌ಲೈನ್ ಮಾರ್ಕೆಟಿಂಗ್ ಹೊಸ ವಿಷಯ. ಪ್ರತಿಯೊಬ್ಬರೂ ಊರಿನ ಒಂದು ಕಸುಬಿಗೆ ಪೇಜ್ ತೆರೆದು ನಾಲ್ಕು ತಿಂಗಳು ನಡೆಸಬೇಕು. ರಮ್ಯಶ್ರೀ ಮನೆಯ ಮಗ್ಗವನ್ನೇ ಆರಿಸಿಕೊಂಡಿದ್ದಳು. ‘ಮುದ್ದಯ್ಯನವರ ಮಗ್ಗ: ನಲವತ್ತು ವರ್ಷದ ಕೈ’. ಫೋಟೋದಲ್ಲಿ ಅಪ್ಪ ಮುದ್ದಯ್ಯನ ನರೆಗೂದಲು, ಕೈಯಲ್ಲಿ ಲಾಳಿ, ಮಡಿಲಲ್ಲಿ ರೇಷ್ಮೆ. ಎಂಟು ಸಾವಿರ ಜನ ಹಿಂಬಾಲಿಸುತ್ತಿದ್ದರು. ನಾಳೆ ಮಗ್ಗದಿಂದಲೇ ಲೈವ್. ಅದಕ್ಕೇ ಅಂಕ. ಮೈಸೂರಿನ ಸೀರೆ ಅಂಗಡಿಯ ಶಿವರತ್ನಮ್ಮನವರೂ ನೋಡುತ್ತೇನೆಂದಿದ್ದರು. ಅವರು ಒಪ್ಪಿದರೆ ಮಗ್ಗದಿಂದ ಇಳಿದ ಸೀರೆಯೆಲ್ಲ ಅವರ ಅಂಗಡಿಗೇ.

ಕಾಮೆಂಟು ಸುಳ್ಳಾಗಿದ್ದರೆ ರಮ್ಯಶ್ರೀ ಹೆದರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಹನೂರು ರಸ್ತೆಯಲ್ಲಿ ಮೊಪೆಡ್ ಉರುಳಿ ಮುದ್ದಯ್ಯನ ಬಲಭುಜ ಮುರಿದಿತ್ತು. ಮೂಳೆ ಕೂಡಿತು, ಕೈ ಮಾತ್ರ ಮೇಲೇಳಲಿಲ್ಲ. ಆಗ ಮಗ್ಗದ ಮೇಲೆ ಯಳಂದೂರಿನವರೊಬ್ಬರ ಮದುವೆ ಸೀರೆ ಅರ್ಧಕ್ಕೆ ನಿಂತಿತ್ತು. ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತು ನೂಲು ಸುತ್ತಿಕೊಟ್ಟಿದ್ದ ಅವ್ವ ಚೌಡೇಶ್ವರಿ, ಸೆರಗು ಸಿಕ್ಕಿಸಿಕೊಂಡು ಮಗ್ಗದ ಗುಂಡಿಗೆ ಇಳಿದಳು. ಆಮೇಲೆ ಹತ್ತಲಿಲ್ಲ. ಮುದ್ದಯ್ಯ ಜಗಲಿ ಸೇರಿದ. ತನ್ನ ಫೋನಿಗೆ ಬಾಯಲ್ಲಿ ಹೇಳಿ ಮಾದಪ್ಪನ ಪದ ಹಾಕಿಸಿಕೊಂಡು ಕೇಳುತ್ತ ಕೂರುತ್ತಿದ್ದ.

ಮೊದಲ ವಿಡಿಯೋ ತೆಗೆದ ದಿನ ಅವನು ಗೊಣಗಿದ್ದ. “ನಂಗ್ಯಾಕವ್ವ ಈ ವೇಸ?”

“ಜನಕ್ಕೊಂದು ಕತೆ ಬೇಕಪ್ಪ. ನಲವತ್ತು ವರ್ಸ ಅಂದ್ರೆ ನಿಂತು ನೋಡ್ತಾರೆ. ಎರಡು ವರ್ಸ ಅಂದ್ರೆ ಯಾರ್ ನೋಡ್ತಾರೆ?”

ಈ ಗುಟ್ಟು ಯಾರಿಗೆ ಗೊತ್ತು? ಟ್ರೈಪಾಡ್ ಕೇಳಲು ಒಮ್ಮೆ ಮನೆಗೆ ಬಂದಿದ್ದ ಸಹಪಾಠಿ ತೇಜಸ್, ಅವ್ವ ನೇಯುವುದನ್ನು ನೋಡಿದ್ದ. ಅವನ ಪೇಜ್ ಅವನ ಮಾವನ ಸೀರೆ ಅಂಗಡಿಯದು. ತರಗತಿ ಬಿಟ್ಟೊಡನೆ ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ಹಿಡಿದಳು.

“ಲೇ, ಎದುರಿಗೆ ಬಂದು ಹೇಳಕ್ಕಾಗಲ್ವಾ? ಕದ್ದು ಬರೀತೀಯಾ?”

ವಿಷಯ ತಿಳಿದಾಗ ತೇಜಸ್ ಸಿಟ್ಟಾಗಲಿಲ್ಲ. ಫೋನನ್ನೇ ಅವಳ ಕೈಗಿಟ್ಟ. “ನೋಡ್ಕೊ. ನಮ್ಮಾವನ ಅಂಗಡೀಲಿ ನಿಮ್ಮ ಸೀರೆನೂ ಅವೆ ಕಣಮ್ಮಿ. ನಿಮ್ಮೆಸರು ಕೆಡಿಸಿ ನಾನೇನ್ ತಿನ್ಲಿ?”

ಫೋನಿನಲ್ಲಿ ಏನೂ ಇರಲಿಲ್ಲ.

“ಒಂದು ಮಾತು,” ಅಂದ ತೇಜಸ್. “ನಾನು ನೋಡಿದ್ದು ಒಂದೇ ದಿನ. ಇಷ್ಟು ಗ್ಯಾರಂಟಿಯಾಗಿ ಬರೀಬೇಕಂದ್ರೆ ದಿನಾ ನೋಡೋರೇ ಆಗ್ಬೇಕು.”

ಮನೆಗೆ ನಡೆಯುವಾಗ ರಮ್ಯಶ್ರೀಗೆ ಅವ್ವನ ನೆನಪಾಯಿತು. ದಿನಾ ನೇಯುವವಳ ಹೆಸರೇ ಪೇಜಿನಲ್ಲಿಲ್ಲ. ಸಂಕಟವಾದರೆ ತಪ್ಪೇನು?

ಅವ್ವ ಮಗ್ಗದಲ್ಲಿದ್ದಳು. ರಮ್ಯಶ್ರೀ ಹತ್ತಿರ ಕೂತಳು. “ಅವ್ವ, ನನ್ ಮೇಲೆ ಕ್ವಾಪ ಏನಾರ ಇದ್ದದಾ?”

ಚೌಡೇಶ್ವರಿ ತಲೆಯೆತ್ತಲಿಲ್ಲ. “ನಾಳೆ ಕಳೀಲಿ, ಮಾತಾಡನ. ಈಗ ಅಂಚು ತಪ್ಪೋಯ್ತದೆ, ಏಳು.”

ನಾಳೆ ಕಳೀಲಿ! ಅವ್ವ ನಾಳೆ ಲೈವ್‌ನಲ್ಲೇ ಬರೆದುಬಿಟ್ಟರೆ? ರಮ್ಯಶ್ರೀ ಎದ್ದಳು. ಹೊರಗೆ ಬಂದರೆ ಜಗಲಿಯಲ್ಲಿ ಅಪ್ಪ.

“ನಾಳೆ ಎಷ್ಟು ಜನ ನೋಡ್ತಾರವ್ವ?”

“ಮುನ್ನೂರಾದ್ರೂ ನೋಡ್ತಾರೆ.”

“ನಿಮ್ ಮೇಡಮ್ಮೂ? ಆ ಮೈಸೂರೋರೂ?”

“ಹ್ಞೂಂ.”

“ಅಂಗಾರೆ ಬಿಳಿ ಅಂಗಿ ತೆಗೆದಿಡು.”

ಮರುದಿನ ಬೆಳಿಗ್ಗೆ ಚಾರ್ಜಿಗೆ ಹಾಕುವ ನೆಪದಲ್ಲಿ ರಮ್ಯಶ್ರೀ ಅವ್ವನ ಫೋನನ್ನು ತನ್ನ ಬಳಿಯೇ ಇಟ್ಟುಕೊಂಡಳು. ಅವ್ವನನ್ನು ಅಡುಗೆಮನೆಗೆ ಕಳಿಸಿದಳು. ಅಪ್ಪನಿಗೆ ಮತ್ತೆ ಮತ್ತೆ ಹೇಳಿಕೊಟ್ಟಳು: ಎಡಗೈಯಲ್ಲಿ ಲಾಳಿ ಹಿಡಿ, ನಗು, ಅಷ್ಟು ಸಾಕು. ಉಳಿದದ್ದಕ್ಕೆ ಕ್ಯಾಮೆರಾ ಸೀರೆಯ ಮೇಲಿರುತ್ತದೆ.

ಹನ್ನೊಂದಕ್ಕೆ ಲೈವ್ ಶುರುವಾಯಿತು. ನೋಡುವವರು ನೂರು, ಇನ್ನೂರು, ನಾನೂರು. ತರಗತಿಯ ದೊಡ್ಡ ಪರದೆಯ ಮೇಲೂ ಓಡುತ್ತಿತ್ತು. ಕಾಮೆಂಟುಗಳು ಒಂದರ ಹಿಂದೊಂದು ಬಂದವು. ‘ನಿಜ ನುಡಿ’ ಮಾತ್ರ ಬರಲಿಲ್ಲ. ಹತ್ತು ನಿಮಿಷ ಕಳೆದರೂ ಬರಲಿಲ್ಲ. ಪಕ್ಕದಲ್ಲಿದ್ದ ಅವ್ವನ ಫೋನು ನೋಡಿ ರಮ್ಯಶ್ರೀ ಉಸಿರುಬಿಟ್ಟಳು. ತನ್ನ ಊಹೆ ಸರಿ.

ಅಷ್ಟರಲ್ಲಿ ಶಿವರತ್ನಮ್ಮನವರ ಕಾಮೆಂಟ್ ಬಂತು: ‘ಯಜಮಾನರು ನಾಲ್ಕು ಎಳೆ ನೇಯ್ದು ತೋರಿಸಲಿ.’

ರಮ್ಯಶ್ರೀ ಕ್ಯಾಮೆರಾ ಸೆರಗಿನತ್ತ ತಿರುಗಿಸಹೋದಳು. ಮುದ್ದಯ್ಯ ಲಾಳಿಯನ್ನು ನೆಯ್ಗೆಯ ಮೇಲೆ ಮೆಲ್ಲಗೆ ಇಟ್ಟ. ಲಾಳಿಯನ್ನು ನೆಯ್ಗೆಯ ಮೇಲೆ ಮೆಲ್ಲಗೆ ಇಟ್ಟ.

“ಅಪ್ಪ...” ಪಿಸುಗುಟ್ಟಿದಳು. ಅವಳ ಹೆಬ್ಬೆರಳು ಲೈವ್ ನಿಲ್ಲಿಸುವ ಗುಂಡಿಯ ಮೇಲೆ ನಿಂತಿತು. ಒತ್ತಿದರೆ ಮುಗಿಯಿತು. ಒತ್ತಲು ಕೈ ಬರಲಿಲ್ಲ.

ಮುದ್ದಯ್ಯ ಗಂಟಲು ಸರಿಮಾಡಿಕೊಂಡು ಕ್ಯಾಮೆರಾವನ್ನೇ ನೋಡಿದ: “ಪಕ್ಕದ್ಮನೆಯೋರ ಕೈಲಿ ಅಕೌಂಟ್ ಮಾಡಿಸ್ಕಂಡು, ಫೋನಿಗೆ ಯೋಳಿ ಯೋಳಿ ಅನ್ನೆರಡು ಸಲ ಬರೆಸ್ದೆ ಕಣ್ರವ್ವ, ನನ್ ಮಗಳು ಅಳಿಸಾಕುದ್ಲು, ಅದ್ಕೇ ಈಗ ಬಾಯಲ್ಲೇ ಯೋಳ್ತೀನಿ, ಇದ ನೇಯ್ದೋಳು ನನ್ನೆಂಡ್ತಿ ಚೌಡೇಸ್ವರಿ, ಒಳಗವ್ಳೆ, ಕರೀತೀನಿ ತಡೀರಿ.”