ಆಂಬುಲೆನ್ಸಿನ ಬ್ರೇಕು

ತಪಾಸಣಾಧಿಕಾರಿ ಆಂಬುಲೆನ್ಸಿನ ಅಡಿಗೆ ತೂರಿಕೊಂಡು ಬಹಳ ಹೊತ್ತಾಗಿತ್ತು. ಹೊರಗೆ ಕಾಣುತ್ತಿದ್ದುದು ಅವರ ಬೂಟುಗಳು ಮಾತ್ರ. ಅವು ಅಲುಗಿದಾಗಲೆಲ್ಲ ಮಗಳು ಬಗ್ಗಿ ನೋಡುತ್ತಿದ್ದಳು.

ಗ್ಯಾರೇಜು ಅವಳದು, ಆಂಬುಲೆನ್ಸ್ ಅಪ್ಪನದು. ಗುಂಡು ಮೂತಿಯ, ಓಬೀರಾಯನ ಕಾಲದ ಗಾಡಿ. ಅಪ್ಪ ಆಸ್ಪತ್ರೆಯಲ್ಲಿ ಅದನ್ನೇ ಓಡಿಸಿ ನಿವೃತ್ತನಾದವನು. ಆಮೇಲೆ ಅದನ್ನೂ ಮೂಲೆಗೆ ತಳ್ಳಿದರೆಂದು ತಿಳಿದಾಗ ತಡೆಯಲಾಗದೆ ಮನೆಗೆ ತಂದುಕೊಂಡ. ಅಪ್ಪ ಮಗಳು ಸೇರಿ ತುಕ್ಕು ಕೆರೆದು, ಬಣ್ಣ ಬಳಿದು, ಅದನ್ನು ಮತ್ತೆ ರಸ್ತೆಗಿಳಿಸಿದ್ದರು.

ಅಮ್ಮ ಅದನ್ನು ಬಿಳಿ ಆನೆ ಎನ್ನುತ್ತಿದ್ದಳು. ಹಾಗೆನ್ನುವ ಅಮ್ಮನೂ ಅದರ ಹಿಂಭಾಗದಲ್ಲೇ ನರ್ಸಾಗಿ, ರೋಗಿಗಳ ಪಕ್ಕ ಕೂತು ಆಯುಷ್ಯ ಸವೆಸಿದವಳು. ಅಪ್ಪ ಮುಂದೆ, ಅಮ್ಮ ಹಿಂದೆ, ನಡುವೆ ತಗಡಿನ ಗೋಡೆ. ಹಿಂದಿನಿಂದ ಒಮ್ಮೆ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ಬೇಗ. ಇವರ ಸಂಸಾರ ಶುರುವಾದದ್ದೂ ಆ ಭಾಷೆಯಲ್ಲೇ. ಈಗಲೂ ಅಪ್ಪ ಸ್ನಾನಕ್ಕೆ ಹೋಗಿ ಹಾಡುತ್ತ ಕೂತರೆ ಅಮ್ಮ ಬಚ್ಚಲ ಬಾಗಿಲಿಗೆ ಎರಡು ತಟ್ಟುತ್ತಾಳೆ. ಅಮ್ಮನಿಗೆ ಗಾಡಿ ಕಲಿಸಲು ಹೋಗಿ ಅಪ್ಪ ಆಸ್ಪತ್ರೆಯ ಹೂಕುಂಡಗಳನ್ನೆಲ್ಲ ಪುಡಿ ಮಾಡಿಸಿದ ಕಥೆಗೆ ಮನೆಯಲ್ಲಿ ಇಂದಿಗೂ ನಗು ಕಡಿಮೆಯಾಗಿಲ್ಲ.

ಹೋದ ತಿಂಗಳು, ಮಗಳು ಬಿಡಿಭಾಗ ತರಲು ಬೇರೆ ಊರಿಗೆ ಹೋಗಿದ್ದ ದಿನ, ಆ ಗಾಡಿ ಆಸ್ಪತ್ರೆಯ ಗೇಟಿನ ಕಂಬಕ್ಕೆ ಗುದ್ದಿತು. ಹಳೆಯ ಗೆಳೆಯರಿಗೆ ತೋರಿಸಲು ಇಬ್ಬರೂ ಹೊರಟಿದ್ದೆವು, ಚೂರು ತೂಕಡಿಸಿಬಿಟ್ಟೆ ಎಂದ ಅಪ್ಪ. ಅಮ್ಮನ ಎದೆಗೆ ಪೆಟ್ಟಾಗಿತ್ತು. ಅಪ್ಪನಿಗೆ ಕಾಣುವಂತೆ ಆದದ್ದೆಂದರೆ ಕೈಗೆಣ್ಣುಗಳ ಚರ್ಮ ಸುಲಿದದ್ದಷ್ಟೆ. ಆದರೂ ಆಸ್ಪತ್ರೆಯವರು ಅಮ್ಮನನ್ನು ಅಂದೇ ಮನೆಗೆ ಕಳಿಸಿ, ಅಪ್ಪನನ್ನು ವಾರಗಟ್ಟಲೆ ಇಟ್ಟುಕೊಂಡರು. ಹಳೆಯ ಸಿಬ್ಬಂದಿಯೆಂದು ಉಪಚಾರ ಜಾಸ್ತಿ ಎಂದುಕೊಂಡಳು ಮಗಳು.

ಅವಳನ್ನು ಕೊರೆಯುತ್ತಿದ್ದುದು ಬೇರೆಯೇ. ಅಪಘಾತಕ್ಕೆ ಕೆಲವೇ ದಿನ ಮೊದಲು ಆ ಗಾಡಿಯ ಬ್ರೇಕುಗಳನ್ನು ಬಿಚ್ಚಿ ಜೋಡಿಸಿದ್ದವಳು ಅವಳೇ. ಕೆಲಸದ ನಡುವೆ ಯಾರೋ ಗಿರಾಕಿ ಕರೆದಿದ್ದ, ಎದ್ದು ಹೋಗಿದ್ದಳು. ವಾಪಸು ಬಂದು ಪೈಪಿನ ನಟ್ಟನ್ನು ಬಿಗಿ ಮಾಡಿದ್ದಳೋ ಇಲ್ಲವೋ? ಎಷ್ಟು ನೆನಪಿಸಿಕೊಂಡರೂ ಅಲ್ಲಿ ಕತ್ತಲೆ. ಅಪ್ಪ ಸ್ಟಿಯರಿಂಗ್ ಮುಂದೆ ತೂಕಡಿಸುವ ಆಸಾಮಿಯೇ ಅಲ್ಲ. ಮಗಳನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾನೆ. ಅಮ್ಮನಿಗೂ ಅದು ಗೊತ್ತು. ಅದಕ್ಕೇ ಮುಖ ಕೊಟ್ಟು ಮಾತಾಡುತ್ತಿಲ್ಲ. ಗುಜರಿಯವನಿಗೆ ಹೇಳಿ ಕಳಿಸಿದ್ದೂ ಅಮ್ಮನೇ. ಅವನ ಲಾರಿ ಆಗಲೇ ಬಾಗಿಲ ಬಳಿ ಬಂದು ನಿಂತಿತ್ತು.

ಅಧಿಕಾರಿ ಹೊರಗೆ ಬಂದರು. ಕೈಯಲ್ಲಿ ಸೊಟ್ಟಗಾದ ಪೈಪಿನ ತುಂಡು.

"ಬ್ರೇಕ್ ಪೈಪ್ ಕಿತ್ತು ಬಂದಿದೆ," ಎಂದರು. "ಗುದ್ದಿದ್ದಕ್ಕೆ ಕಿತ್ತಿತೋ, ಕಿತ್ತಿದ್ದಕ್ಕೇ ಗುದ್ದಿತೋ, ನೋಡಿ ಹೇಳೋಕಾಗಲ್ಲ. ಆದ್ರೆ ಅವತ್ತು ರಸ್ತೆ ಮೇಲೆ ಬ್ರೇಕ್ ಹಾಕಿದ ಗುರುತು ಒಂದೂ ಇರ್ಲಿಲ್ಲ."

"ನಿದ್ದೆ ಬಂದಿತ್ತು ಸಾರ್," ಕುರ್ಚಿಯಲ್ಲಿ ಕೂತಿದ್ದ ಅಪ್ಪ ಹೇಳಿದ. "ತಪ್ಪು ನಂದು, ಗಾಡಿದಲ್ಲ."

"ಡ್ರೈವರ್ ತಪ್ಪಾದ್ರೆ ರಿಪೇರಿಗೆ ಬರೆದುಕೊಡ್ತೀನಿ ಯಜಮಾನ್ರೇ. ಬ್ರೇಕ್ ಕೈಕೊಟ್ಟಿದ್ರೆ ಇಷ್ಟು ಹಳೇ ಗಾಡಿನ ಮತ್ತೆ ರಸ್ತೆಗೆ ಬಿಡೋ ಹಾಗಿಲ್ಲ. ಗುಜರಿಗೇ ಹೋಗ್ಬೇಕು."

ಅವರು ಚಾಲಕನ ಸೀಟಿಗೆ ಹತ್ತಿದರು. ಮೊಣಕಾಲು ಸ್ಟಿಯರಿಂಗಿಗೆ ಬಡಿಯಿತು. "ಸೀಟ್ ಯಾಕೆ ಇಷ್ಟು ಮುಂದಿದೆ?"

"ಗುದ್ದಿದ ರಭಸಕ್ಕೆ ಸರಿದಿರ್ಬೇಕು ಸಾರ್," ಎಂದಳು ಮಗಳು. ಆ ಸೀಟಿನ ಬೋಲ್ಟು ಹಾಕಿದ್ದೂ ಅವಳೇ. ಅದೂ ಸಡಿಲವಾಗಿತ್ತೇ?

"ತಗೊಂಡು ಹೋಗ್ಲಿ ಬಿಡಿ ಸಾರ್," ಬಾಗಿಲಿಗೊರಗಿ ನಿಂತಿದ್ದ ಅಮ್ಮ ಎಂದಳು. "ಅದು ನನ್ನ ಕಣ್ಣೆದುರು ಇರೋದು ಬೇಡ."

ಅಪ್ಪ ಕುರ್ಚಿಯ ಕೈಗೆ ಒಮ್ಮೆ ತಟ್ಟಿದ. ಅಮ್ಮ ತುಟಿ ಕಚ್ಚಿ ಸುಮ್ಮನಾದಳು.

ಅಧಿಕಾರಿ ಪೆನ್ನು ತೆಗೆದರು. "ಸರಿ ಹಾಗಾದ್ರೆ. ಡ್ರೈವರ್ ತಪ್ಪು ಅಂತ ಬರೀತೀನಿ. ನಿಮ್ಮ ಲೈಸೆನ್ಸ್ ಹೋಗುತ್ತೆ, ಗಾಡಿ ಉಳಿಯುತ್ತೆ."

"ಅಷ್ಟು ಸಾಕು," ಎಂದ ಅಪ್ಪ. ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡಿತು.

ಆ ನಗುವನ್ನು ಮಗಳಿಗೆ ನೋಡಲಾಗಲಿಲ್ಲ. ಸುಮ್ಮನಿದ್ದರೆ ಗಾಡಿ ಉಳಿಯುತ್ತದೆ, ಅವಳ ಹೆಸರೂ ಉಳಿಯುತ್ತದೆ. ಆದರೆ ನಾಳೆ ಇನ್ನೊಬ್ಬರ ಗಾಡಿಯ ನಟ್ಟಿಗೆ ಸ್ಪ್ಯಾನರ್ ಹಾಕುವಾಗ ಈ ಕೈಯನ್ನು ನಂಬಲಾದೀತೇ?

"ಬರೀಬೇಡಿ ಸಾರ್," ಎಂದಳು. "ಆ ಬ್ರೇಕ್ ಜೋಡಿಸಿದ್ದು ನಾನು. ನಟ್ ಬಿಗಿ ಮಾಡಿದ್ನೋ ಇಲ್ವೋ ನಂಗೇ ನೆನಪಿಲ್ಲ. ಅಪ್ಪ ನನಗೋಸ್ಕರ ಸುಳ್ಳು ಹೇಳ್ತಿದಾರೆ. ಇವರಿಬ್ಬರನ್ನೂ ನಾನೇ ಕೊಂದುಬಿಡ್ತಿದ್ದೆ."

ಅಧಿಕಾರಿ ನಿಟ್ಟುಸಿರು ಬಿಟ್ಟು ಪೆನ್ನಿಗೆ ಮುಚ್ಚಳ ಹಾಕಿದರು. ಹೊರಗೆ ಗುಜರಿಯವನು ಲಾರಿಯ ಹಿಂಬಾಗಿಲು ತೆರೆದ ಸದ್ದಾಯಿತು.

ಅಪ್ಪ ಮತ್ತೆ ಒಮ್ಮೆ ತಟ್ಟಿದ. ಈ ಸಲ ಅಮ್ಮ ಅದಕ್ಕೆ ಕಿವಿಗೊಡಲಿಲ್ಲ. ನೇರ ಬಂದು ಮಗಳ ಗ್ರೀಸು ಮೆತ್ತಿದ ಕೈ ಹಿಡಿದುಕೊಂಡಳು.

"ನಿನ್ನ ಬ್ರೇಕ್ ಸರಿಯಾಗೇ ಇತ್ತು ಕಣೇ, ನಾನೇ ಅದನ್ನ ಒತ್ತಲಿಲ್ಲ," ಎಂದಳು ಅಮ್ಮ. "ಇವರು ಹಿಂದೆ ಎದೆ ಹಿಡ್ಕೊಂಡು ಮಲಗಿ ಎರಡೆರಡು ಸಲ ತಟ್ತಾನೇ ಇದ್ರು, ಗೇಟ್ ಹತ್ರ ಬರೋಷ್ಟರಲ್ಲಿ ಆ ಸದ್ದು ನಿಂತುಹೋಯ್ತು, ನಾನು ತಿರುಗಿ ನೋಡ್ದೆ."