ನೀರಿನ ಯಜಮಾನನ ಮುಳುಗು

"ಹೋದ್ವರ್ಷ ಮುಳುಗಿದಾಗ ಮೊಸಳೆಗಳು ಚಾಪೆ ಹಾಸಿ ಕೂರಿಸಿ ಮೂರು ಸುತ್ತು ಚಹಾ ಕೊಟ್ವು. ಮೂರನೇದಕ್ಕೆ ಸಕ್ಕರೆ ಜಾಸ್ತಿ!" ನೈಜರ್ ನದಿಯ ಸೊಂಟಮಟ್ಟದ ನೀರಿನಲ್ಲಿ ನಿಂತು ಮುದುಕ ಸಿನಾಲಿ ಕೂಗಿದ. ಬಲೆ ಹೊತ್ತು ದಡದಲ್ಲಿ ನಿಂತಿದ್ದ ಮೋಪ್ತಿ ಪಟ್ಟಣ ನಕ್ಕ ರಭಸಕ್ಕೆ ಮಸೀದಿಯ ಗೋಡೆಯ ಮಣ್ಣೇ ಉದುರಿತು. ನೀರಿನ ಯಜಮಾನನಾದ ಅವನು ಮುಳುಗಿ ಎದ್ದು ಅಪ್ಪಣೆ ಕೊಡದೆ ವರ್ಷದ ಮೊದಲ ಬಲೆ ಬೀಳುವಂತಿಲ್ಲ. ಮುಳುಗಲಾಗದವನು ಯಜಮಾನನೂ ಅಲ್ಲ. ಸಿನಾಲಿ ಇನ್ನೊಂದು ಸುಳ್ಳಿಗೆ ತಡಕಾಡಿದ, ಬಾಯಿಯೂ ದಣಿದಿತ್ತು.

"ಏಯ್ ಮೀನುಮುಳ್ಳೇ! ಚಹಾ ಆರಿಹೋಗತ್ತೆ, ಮುಳುಗೋ!" ಈರುಳ್ಳಿ ಮಾರುವ ಯಾಪಾಮ ಬಟ್ಟೆ ಎತ್ತಿ ಕಟ್ಟಿ ನೀರಿಗಿಳಿದಳು. ಅವಳು ಬಂಡೆನಾಡಿನ ಡೋಗೋನ್ ಕುಲದವಳು, ಅವನು ಬೋಜೋ ಬೆಸ್ತ. ಎರಡು ಕುಲಗಳೂ ತಲೆತಲಾಂತರದ ಗೇಲಿಯ ನೆಂಟರು. ಊರೆದುರು ಯಜಮಾನನನ್ನು ಬೈಯುವ, ಗುದ್ದುವ ಹಕ್ಕು ಅವಳಿಗಿತ್ತು. ಸಿಟ್ಟಾಗುವ ಹಕ್ಕು ಅವನಿಗಿರಲಿಲ್ಲ. ತೋಳು ಹಿಡಿದು ಎಳೆದರೂ ಅವನು ಬಗ್ಗಲಿಲ್ಲ. ದನಿ ತಗ್ಗಿಸಿದಳು. "ನಿಜ ಹೇಳು."

"ಬಗ್ಗಿದ್ರೆ ಏಳಕ್ಕಾಗಲ್ಲ ಕಣೇ. ಮೊಸಳೆನೂ ಇಲ್ಲ, ಚಹಾನೂ ಇಲ್ಲ. ಹೋದ್ವರ್ಷ ಯಾವುದೋ ಬೇರು ಸಿಕ್ತು, ಹಿಡ್ಕೊಂಡು ಎದ್ದೆ. ನಂಗೆ ಸಾಕಾಗಿದೆ."

ಯಾಪಾಮಳಿಗೆ ಈಜು ಬಾರದು. ಬಿಂದಿಗೆಗಿಂತ ಆಳದ ನೀರಿಗೆ ಹೆದರುವವಳು. ಆದರೂ ನೀರೊಳಗೆ ಒಂದು ಕೈಯಿಂದ ಅವನ ನಡುಪಟ್ಟಿಯನ್ನು ಬಿಗಿಯಾಗಿ ಹಿಡಿದು, ಇನ್ನೊಂದನ್ನು ಅವನ ನೆತ್ತಿಯ ಮೇಲಿಟ್ಟು, ಊರಿಗೆಲ್ಲ ಕೇಳುವಂತೆ ಕಿರುಚಿದಳು: "ಮುಳುಗೋ, ನನ್ನ ಗುಲಾಮಾ!" ದಡವೆಲ್ಲ ಬಿದ್ದು ಬಿದ್ದು ನಗುತ್ತಿರಲು ಸಿನಾಲಿ ಕಣ್ಣು ಮುಚ್ಚಿ, ತನ್ನ ಭಾರವನ್ನೆಲ್ಲ ನೀರೊಳಗಿನ ಆ ಕೈಗೆ ಬಿಟ್ಟು ಮುಳುಗಿದ.