ಹನ್ನೆರಡನೆಯ ಎಲೆ

ಸಾಂಬಾರಿನಲ್ಲಿ ದ್ರಾಕ್ಷಿ ಇತ್ತು. ಸದಾಶಿವ ರಾಯರು ಅದನ್ನು ಚಮಚದಿಂದ ಎತ್ತಿ, ಬೆಳಕಿಗೆ ಹಿಡಿದು ನೋಡಿ, ತಟ್ಟೆಯ ಅಂಚಿಗೆ ಇಟ್ಟರು. ಇನ್ನೊಂದು ಸಿಕ್ಕಿತು. ಅದನ್ನೂ ಇಟ್ಟರು.

“ಸ್ಪೆಷಲ್ ಹೈ, ಕಾಕಾ,” ಎಂದ ಹೋಟೆಲಿನವನು ಹೆಮ್ಮೆಯಿಂದ.

ರಾಯರು ಎದ್ದು ಕೈ ತೊಳೆದರು. ಇದು ಹತ್ತೊಂಬತ್ತನೆಯ ಹೋಟೆಲು.

ಗುಜರಾತಿನ ನವರಂಗಪುರದಲ್ಲಿ ಮೂವತ್ತು ವರ್ಷ ಉಡುಪಿ ಹೋಟೆಲು ನಡೆಸಿದವರು ಅವರು. ಮಂಡಿ ಸವೆದ ಮೇಲೆ ಹೋಟೆಲನ್ನು ಪಾಲುದಾರರಿಗೆ ಬಿಟ್ಟು ರಿಂಗ್ ರೋಡಿನ ಆಚೆಗೆ ಬಂದಿದ್ದರು. ಇಲ್ಲಿ ಎಮ್ಮೆಗಳು ದಾಟಿ ಮುಗಿಯುವವರೆಗೆ ಕಾರುಗಳು ಸುಮ್ಮನೆ ನಿಲ್ಲುತ್ತವೆ. ಮಹಡಿಯಿರುವ ಟೆನಮೆಂಟ್ ಮನೆ, ಬೇವಿನ ಮರ, ಒಳ್ಳೆಯ ಗಾಳಿ. ಬಂದು ಮೂರು ತಿಂಗಳು. ಊಟ ಹುಡುಕಲು ಶುರುಮಾಡಿ ಇಪ್ಪತ್ತೇಳು ದಿನ.

ಹೈವೇ ಢಾಬಾದ ಸಜ್ಜೆ ರೋಟಲೊ ಚೆನ್ನಾಗಿತ್ತು. ಅದರ ಮೇಲಿನ ಬೆಣ್ಣೆ ಮಾತ್ರ ಎರಡು ದಿನ ಹೊಟ್ಟೆಯಲ್ಲಿ ಕೂತಿತು. ಕೆರೆಯ ಪಕ್ಕದ ಗಾಡಿಯವನು ದೋಸೆಯ ಮೇಲೆ ಚೀಸ್ ತುರಿದ. ರಾಯರು ಸಾಕು ಎಂದ ಮೇಲೂ ತುರಿಯುತ್ತಲೇ ಇದ್ದ. ‘ಶುದ್ಧ ಸೌತ್ ಇಂಡಿಯನ್’ ಎಂದು ಬೋರ್ಡು ಹಾಕಿದವನು ಇಡ್ಲಿಯನ್ನು ಎಣ್ಣೆಯಲ್ಲಿ ಕರಿದು ಶೆಜ್ವಾನ್ ಚಟ್ನಿ ಸುರಿದು ಕೊಟ್ಟ. ರಾತ್ರಿಗಳೆಲ್ಲ ಬ್ರೆಡ್ಡು, ಬಾಳೆಹಣ್ಣು. ಬೆಲ್ಟಿಗೆ ಎರಡು ಹೊಸ ತೂತು ಹೊಡೆಸಬೇಕಾಯಿತು. ಡಾಕ್ಟರು ತೂಕ ನೋಡಿ, ಕೆಲವು ದಿನ ಮನೆಯೂಟ ಮಾಡಿ ಎಂದರು. ರಾಯರು ಚೀಟಿ ಮಡಚಿ ಜೇಬಿಗೆ ಹಾಕಿಕೊಂಡರು.

ಉಳಿದದ್ದು ಒಂದೇ ಜಾಗ. ಅದಕ್ಕೆ ಬೋರ್ಡಿಲ್ಲ. ಗೇಟಿಗೆ ಒಂದು ಸ್ಲೇಟು ತೂಗುಹಾಕಿದೆ. ಬೆಳಿಗ್ಗೆ ಹತ್ತರೊಳಗೆ ಹೆಸರು ಬರೆಯಬೇಕು. ಮಧ್ಯಾಹ್ನ ಒಂದಕ್ಕೆ ಹನ್ನೆರಡು ಬಾಳೆಲೆ, ಹದಿಮೂರನೆಯದು ಇಲ್ಲ. ಸೊಸೈಟಿಯ ತುಂಬ ಅದೇ ಮಾತು. ಅಲ್ಲಿಯ ಇಂಗಿನ ಒಗ್ಗರಣೆ ರಾಯರ ಕಿಟಕಿಗೆ ಬರುತ್ತಿತ್ತು. ಕಿಟಕಿ ಮುಚ್ಚಿದರೂ ಬರುತ್ತಿತ್ತು.

ಅದು ಶುರುವಾದ ದಿನವೇ ಅವರು ಅಡುಗೆಯ ಹೆಂಗಸಿನ ಎದುರು ನಿಂತು ಮುಖಕ್ಕೆ ಹೊಡೆದಂತೆ ಹೇಳಿದ್ದರು.

“ಮನೆಗೆ ಬೇಯಿಸೂದು ಬೇರೆ, ಹೋಟ್ಲಿಗೆ ಬೇಯಿಸೂದು ಬೇರೆ. ಮೂವತ್ತು ವರ್ಷ ನನ್ನ ಹೋಟ್ಲಿನ ಅಡುಗೆಮನೆಗೆ ಒಂದು ಹೆಂಗಸನ್ನೂ ಬಿಟ್ಟವನಲ್ಲ ನಾನು. ಇದು ತಿಂಗಳೊಳಗೆ ಮುಚ್ತದೆ. ಮುಚ್ಚುವವರೆಗೆ ಇಲ್ಲಿಯ ಒಂದು ತುತ್ತು ಮುಟ್ಟೂದಿಲ್ಲ.”

ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಆಯ್ತು. ಹಸಿವಾದ್ರೆ ಸ್ಲೇಟಲ್ಲಿ ಹೆಸರು ಬರೀರಿ. ಎಲ್ಲರ ಹಾಗೆ.”

ಮುಚ್ಚಲಿಲ್ಲ. ಎರಡನೆಯ ವಾರ ಶ್ರೀಮಂತರ ಬಡಾವಣೆ ಬೋಡಕ್‌ದೇವ್‌ನಿಂದ ಕಾರುಗಳು ಬರತೊಡಗಿದವು.

ಇಪ್ಪತ್ತೆಂಟನೆಯ ದಿನ ಬೆಳಿಗ್ಗೆ ಪ್ರಮೋದ ಸಿಕ್ಕಿದ. ಧಾರವಾಡದವನು, ಉಪಗ್ರಹಗಳ ಕಚೇರಿಯಲ್ಲಿ ಎಂಜಿನಿಯರು, ಪಕ್ಕದ ಸಾಲಿನ ಮನೆ.

“ಕಾಕಾ, ಇವತ್ತ ಪತ್ರೊಡೆ ಅಂತ್ರಿ ಅಲ್ಲೆ. ಹೋದ ಸಲ ನಮ್ಮ ಸಾಹೇಬ ತಿಂದು, ಇದು ನಮ್ಮ ಗುಜರಾತಿ ಕೆಸುವಿನೆಲಿ ಪಾತ್ರಾದ ಅಜ್ಜ ಅಂದಿದ್ದ.”

“ತಿನ್ನಲಿ.”

“ಸ್ಲೇಟಿನ್ಯಾಗ ಹನ್ನೊಂದ ಹೆಸರ ಅದಾವ. ಒಂದ ಎಲಿ ಖಾಲಿ ಅದ.”

“ಅದನ್ನ ನನಗ್ಯಾಕೆ ಹೇಳೂದು?”

“ಸುಮ್ನರೀ. ನಿಮಗ ಹತ್ರ ಆಗ್ತದಂತ.” ಪ್ರಮೋದ ಹೆಲ್ಮೆಟ್ ಹಾಕಿಕೊಂಡ. ಒಳಗೆ ನಗುತ್ತಿದ್ದನೋ ಏನೋ, ಕಾಣಿಸಲಿಲ್ಲ.

ಹತ್ತಕ್ಕೆ ಐದು ನಿಮಿಷ ಇರುವಾಗ ರಾಯರು ಸ್ಲೇಟಿನ ಮುಂದೆ ನಿಂತಿದ್ದರು. ಹಾಲಿನವನು ಹೋಗುವವರೆಗೆ ಬೇವಿನ ಮರ ನೋಡಿದರು. ಆಮೇಲೆ ಬಳಪ ತೆಗೆದು ಸಣ್ಣಕ್ಷರದಲ್ಲಿ ‘ಎಸ್. ರಾವ್’ ಎಂದು ಬರೆದರು.

“ಪೂರ್ತಿ ಹೆಸರು,” ಎಂದಿತು ಕಿಟಕಿಯೊಳಗಿನ ದನಿ.

ರಾಯರು ಒರಸಿ ಪೂರ್ತಿ ಬರೆದರು.

ಒಂದು ಗಂಟೆಗೆ ಮಂಡಿ ನೋವಿನಲ್ಲೂ ಕೆರೆಯನ್ನು ಒಂದು ಸುತ್ತು ಹಾಕಿ ಬಂದರು. ಗಿರಾಕಿ ಎಂದಮೇಲೆ ರಸ್ತೆಯ ಕಡೆಯಿಂದಲೇ ಬರಬೇಕು. ಚಪ್ಪಲಿ ಹೊರಗೆ ಬಿಟ್ಟು, ಕೊನೆಯ ಎಲೆಯ ಮುಂದೆ ಕೂತರು. ಪಕ್ಕದಲ್ಲಿ ಪ್ರಮೋದ. ಅವನು ತನ್ನ ಎಲೆಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ.

ರಾಯರು ತಪ್ಪು ಹುಡುಕಿದರು. ಅದು ಅವರ ಕಸುಬು. ನೆಲ ಒಣಗಿತ್ತು. ಲೋಟ ತೊಳೆದಿತ್ತು. ಸಾರು ಬಿಸಿಯಿತ್ತು. ಪತ್ರೊಡೆಯಲ್ಲಿ ಎಲೆ ಗಂಟಲು ಕೆರೆಯಬೇಕಿತ್ತು, ಕೆರೆಯಲಿಲ್ಲ. ಹುಳಿ ಜಾಸ್ತಿಯಾಗಬೇಕಿತ್ತು, ಆಗಲಿಲ್ಲ. ಮೇಲೆ ತೆಂಗಿನೆಣ್ಣೆ. ಆರನೆಯ ತುಂಡಿಗೆ ಅವರು ಹುಡುಕುವುದನ್ನು ಬಿಟ್ಟರು. ಒಂಬತ್ತನೆಯದಕ್ಕೆ ಮೂಗು ಸೋರಿತು, ಖಾರಕ್ಕೆ ಎಂದುಕೊಂಡರು.

ಅಡುಗೆಯ ಹೆಂಗಸೇ ಬಡಿಸುತ್ತ, ಹೊಸಬರನ್ನು ಮಾತಾಡಿಸುತ್ತ ಬಂದಳು. ಎದುರು ಸಾಲಿನ ಗುಜರಾತಿ ಹೆಂಗಸಿನ ಮುಂದೆ ನಿಂತಳು.

“ಆಪ್ ಕಹಾಂ ಸೇ, ಬೆಹನ್?”

“ವಡೋದರಾ ಸೇ, ಮಾಸಿ. ಸಿರ್ಫ್ ಖಾನೇ ಕೇ ಲಿಯೇ.”

ಊಟಕ್ಕೆಂದೇ ಅಷ್ಟು ದೂರ ಬಂದ ಆಕೆಗೆ ಎರಡು ತುಂಡು ಹೆಚ್ಚು ಬಿತ್ತು. ಬಡಿಸುವವಳು ಸಾಲಿನ ಕೊನೆಗೆ ಬಂದಳು. ಪಾತ್ರೆಯನ್ನು ಕಂಕುಳಿಗೆ ಏರಿಸಿಕೊಂಡು, ರಾಯರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ನೀವು ಎಲ್ಲಿಂದ ಬಂದದ್ದು?”

ಹನ್ನೊಂದು ಎಲೆಗಳ ಮೇಲೆ ಕೈಗಳು ನಿಂತವು.

“ಇಲ್ಲೇ. ಮಹಡಿಯಿಂದ,” ಎಂದರು ರಾಯರು.

“ಕೇಳಿಸಲಿಲ್ಲ,” ಎಂದಳು ಅವರ ಹೆಂಡತಿ ಜಯಂತಿ.